ಕುಯ್ಲಿನ ದುಡ್ಡು, ಬೆಂಗಳೂರಿನ ಬಸ್ಸು

ಭಾನುವಾರ ರಾತ್ರಿ ಒಂಬತ್ತೂವರೆ ದಾಟಿತೆಂದರೆ ಮೂಡಿಗೆರೆ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೊರನಾಡು, ಕಳಸದ ಕಡೆಯಿಂದ ಬರುವ ಬೆಂಗಳೂರು ಬಸ್ಸುಗಳು ಕೊಟ್ಟಿಗೆಹಾರ ದಾಟಿ ಇಲ್ಲಿಗೆ ಮುಟ್ಟುವಷ್ಟರಲ್ಲೇ ಮುಕ್ಕಾಲು ಭರ್ತಿ. ಹೊರಗೆ ಜೀಪು, ಪಿಕಪ್ಪು, ಬೈಕುಗಳ ಸಾಲು. ಮಕ್ಕಳನ್ನು ಹತ್ತಿಸಲು ಬಂದ ಅಪ್ಪಂದಿರು ಮೊದಲು ವಿಚಾರಿಸಿಕೊಳ್ಳುವುದು ಮಳೆಯನ್ನು: 'ನಿಮ್ಮ ಕಡೆ ಎಷ್ಟು ಸೆಂಟು ಬಂತು?' ಕಾಫಿಯವರಿಗೆ ಮಳೆ ಇವತ್ತಿಗೂ ಇಂಚು, ಸೆಂಟುಗಳಲ್ಲೇ ಬೀಳುತ್ತದೆ. ಮಕ್ಕಳ ಕೆಲಸದ ಸುದ್ದಿ ಆಮೇಲೆ. ಅಮ್ಮಂದಿರ ಗಮನವೆಲ್ಲ ಕೈಚೀಲದ ಮೇಲೆ. ಮನೆಯಲ್ಲೇ ಹುರಿದು ಬೀಸಿದ ಕಾಫಿಪುಡಿ, ಕಾಳುಮೆಣಸು, ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿ, ಮಳೆಗಾಲವಾದರೆ ನೀರಲ್ಲಿ ನೆನೆಹಾಕಿ ಹದ ಮಾಡಿದ ಕಳಲೆ. ಉಪ್ಪಿನಕಾಯಿ ಎಣ್ಣೆ ಸೋರಿ ಆಫೀಸಿನ ಲ್ಯಾಪ್‌ಟಾಪ್ ಹಾಳಾದ ಕತೆ ಪ್ರತಿ ಊರಲ್ಲೂ ಒಂದಿದೆ. ಆದರೂ ಬಾಟಲಿ ಕಳಿಸುವುದು ನಿಂತಿಲ್ಲ.

ಮಲೆನಾಡಿನ ಯಾವ ಮದುವೆ ಮನೆಗೆ ಹೋದರೂ ಊಟದ ಪಂಕ್ತಿಯಲ್ಲಿ ಒಂದು ಮಾತು ಬಂದೇ ಬರುತ್ತದೆ: 'ಊರಲ್ಲಿ ಯಾರಿದ್ದಾರೆ ಮಾರಾಯ, ಎಲ್ಲ ಬೆಂಗಳೂರು ಸೇರಿದ್ರು.' ಮಕ್ಕಳು ಹೋದರು, ತೋಟ ಅನಾಥವಾಯಿತು, ದೊಡ್ಡ ಮನೆಯಲ್ಲಿ ಇಬ್ಬರು ವಯಸ್ಸಾದವರು ಮತ್ತು ಒಂದು ನಾಯಿ. ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಬಸ್ಸಿನ ಟಿಕೆಟ್ಟಿಗೆ ದುಡ್ಡು ಕೊಟ್ಟದ್ದು ಯಾರು ಎಂಬ ಪ್ರಶ್ನೆಯನ್ನು ಪಂಕ್ತಿಯಲ್ಲಿ ಯಾರೂ ಎತ್ತುವುದಿಲ್ಲ. ಕೊಟ್ಟದ್ದು ಕಾಫಿ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಹುಡುಗ ಹುಡುಗಿಯರು ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋಗುವುದು ತೋಟವನ್ನು ಬಿಟ್ಟು ಹೋಗುವುದು ಎಂದು ನಾನು ಒಪ್ಪುವುದಿಲ್ಲ. ತೋಟವೇ ಅವರನ್ನು ಲೆಕ್ಕ ಹಾಕಿ ಕಳಿಸಿದೆ. ಮನೆ ಒಂದೇ, ಖಾತೆ ಎರಡು.

ಈ ಖಾತೆಗಳ ಲೆಕ್ಕ ತಿಳಿಯಬೇಕಾದರೆ ಕುಯ್ಲಿನ ಕ್ಯಾಲೆಂಡರ್ ನೋಡಬೇಕು. ಅರೇಬಿಕಾ ನವೆಂಬರ್ ಹೊತ್ತಿಗೆ ಹಣ್ಣಾಗುತ್ತದೆ, ರೊಬಸ್ಟಾ ಸಂಕ್ರಾಂತಿಯ ಆಸುಪಾಸಿಗೆ. ಹಣ್ಣು ಕುಯ್ದು, ಪಲ್ಪರಿಗೆ ಹಾಕಿ ಅಥವಾ ಹಾಗೆಯೇ ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿ ವ್ಯಾಪಾರಿಗೋ ಕ್ಯೂರಿಂಗ್ ವರ್ಕ್ಸಿಗೋ ಕಳಿಸಿದ ಮೇಲೆ ಕೈಗೆ ದುಡ್ಡು ಬರುವುದು ಫೆಬ್ರುವರಿ, ಮಾರ್ಚಿನಲ್ಲಿ. ಕಾಲೇಜಿನವರು ಫೀಸು ಕೇಳುವುದು ಮಳೆಗಾಲದಲ್ಲಿ. ಆಗ ತೋಟದಲ್ಲಿ ಬರೀ ಖರ್ಚು: ಗೊಬ್ಬರ, ಬೋರ್ಡೋ ದ್ರಾವಣ, ಕಳೆ, ಮರಗಸಿ. ಹಾಗಾಗಿ ಮುಂದಿನ ಬೆಳೆಯ ಮೇಲೆ ವ್ಯಾಪಾರಿಯಿಂದ ಮುಂಗಡ ತಂದು ಸೀಟು ಕಟ್ಟುವುದು ಈ ಭಾಗದ ಪದ್ಧತಿ. ಇನ್ನೂ ಹಣ್ಣೇ ಆಗದ ಕಾಫಿಯ ಮೇಲೆ ಮಗಳ ಮೊದಲ ಸೆಮಿಸ್ಟರ್ ನಡೆಯುತ್ತದೆ. ಮಾರ್ಚಿನ ಹೂಮಳೆ ಕೈಕೊಟ್ಟರೆ ಅದರ ಬಿಸಿ ಹಾಸ್ಟೆಲ್ಲಿಗೂ ಮುಟ್ಟುತ್ತದೆ.

ಎಸ್ಟೇಟು ಎಂದ ಕೂಡಲೇ ಹೊರಗಿನವರ ಕಣ್ಣಿಗೆ ಸಾಹುಕಾರರ ಬಂಗಲೆ ಬರುತ್ತದೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು, ಆದರೆ ಬೆಳೆಗಾರರಲ್ಲಿ ಬಹುಪಾಲು, ಹೆಚ್ಚುಕಡಿಮೆ ಶೇ 98ರಷ್ಟು ಮಂದಿ, 10 ಹೆಕ್ಟೇರಿನ ಒಳಗಿನವರು. ಅದರಲ್ಲೂ ಎಷ್ಟೋ ತೋಟಗಳು ಅಣ್ಣತಮ್ಮಂದಿರ ನಡುವೆ ಪಾಲಾಗಿ ಮೂರು, ನಾಲ್ಕು ಎಕರೆಗೆ ಇಳಿದಿವೆ. ನಾಲ್ಕು ಎಕರೆಯಲ್ಲಿ ಇಬ್ಬರು ಗಂಡುಮಕ್ಕಳು ಉಳಿದರೆ ಮುಂದಿನ ತಲೆಮಾರಿಗೆ ತಲಾ ಎರಡು. ಇದು ಗೊತ್ತಿರುವ ಅಪ್ಪ 'ಓದಿ ಹೋಗು' ಎನ್ನುವುದು ಮಗನ ಮೇಲಿನ ಆಸೆಯಿಂದಷ್ಟೇ ಅಲ್ಲ, ತೋಟ ತುಂಡಾಗದಿರಲಿ ಎಂದೂ ಹೌದು.

ಈ ಕತೆಯಲ್ಲಿ ಬ್ರೆಜಿಲ್ಲಿನ ಪಾತ್ರವೂ ಇದೆ. ಕಾಫಿ ಬೋರ್ಡಿನ ಪೂಲ್ ಪದ್ಧತಿ ಇದ್ದಷ್ಟು ಕಾಲ ಬೆಳೆಗಾರ ತನ್ನ ಕಾಫಿಯನ್ನು ಬೋರ್ಡಿಗೇ ಒಪ್ಪಿಸಬೇಕಿತ್ತು. ಹಣ ಕಂತಿನಲ್ಲಿ ಬರುತ್ತಿತ್ತು, ಬರಬೇಕಾದಾಗ ಬರುತ್ತಿರಲಿಲ್ಲ. 1990ರ ದಶಕದಲ್ಲಿ ಹಂತ ಹಂತವಾಗಿ ಸಡಿಲಗೊಂಡ ಈ ಕಟ್ಟು 1996ಕ್ಕೆ ಪೂರ್ತಿ ಬಿಚ್ಚಿಹೋಯಿತು. ಅದೇ ಹೊತ್ತಿಗೆ, 1994ರ ಮಧ್ಯಭಾಗದಲ್ಲಿ, ಬ್ರೆಜಿಲ್ಲಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಅಲ್ಲಿನ ಕಾಫಿ ಸುಟ್ಟುಹೋಯಿತು, ಜಗತ್ತಿನಲ್ಲೆಲ್ಲ ಬೆಲೆ ಚಿಮ್ಮಿತು. ಮಲೆನಾಡಿನ ಮನೆಗಳಲ್ಲಿ ಕಂಡು ಕೇಳದ ದುಡ್ಡು ಒಮ್ಮೆಗೇ ಓಡಾಡಿತು. ಕೆಲವರು ಜೀಪು ಕೊಂಡರು, ಕೆಲವರು ಮನೆಗೆ ಆರ್‌ಸಿಸಿ ಹಾಕಿದರು, ಬಹಳ ಮಂದಿ ಮಕ್ಕಳನ್ನು ಎಂಜಿನಿಯರಿಂಗಿಗೆ ಸೇರಿಸಿದರು. ರಾಜ್ಯದಲ್ಲಿ ಸಿಇಟಿ ಶುರುವಾದದ್ದೂ 1994ರಲ್ಲೇ. ಚಿಕ್ಕಮಗಳೂರಿನಲ್ಲಿ ಆದಿಚುಂಚನಗಿರಿ ತಾಂತ್ರಿಕ ಕಾಲೇಜು ಆಗಲೇ ಇತ್ತು. ಚಾರ್ಮಾಡಿ ಘಾಟಿ ಇಳಿದರೆ ಮಂಗಳೂರು ಸೀಮೆಯ ಕಾಲೇಜುಗಳು. ಆ ಮಕ್ಕಳು ಓದು ಮುಗಿಸುವ ವೇಳೆಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಕ್ಯಾಂಪಸ್ಸಿಗೇ ಬಂದು ಆರಿಸಿಕೊಳ್ಳುತ್ತಿದ್ದವು. ಇತ್ತ ವಿಯೆಟ್ನಾಂ ಕಾಫಿಯ ಪ್ರವಾಹ ಬಂದು 2001-02ರ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಬೆಲೆ ಏರಿ ಓದಿಸಿತು, ಬೆಲೆ ಇಳಿದು ಊರು ಬಿಡಿಸಿತು. ಅಂದು ಹೋದವರ ಮಕ್ಕಳು ಈಗ ಬೆಂಗಳೂರಿನ ಶಾಲೆಗಳಲ್ಲಿ 'ನೇಟಿವ್ ಪ್ಲೇಸ್' ಎಂಬ ಜಾಗದಲ್ಲಿ ಮೂಡಿಗೆರೆ ಎಂದು ಬರೆಯುತ್ತಾರೆ.

ಊರು ಬಿಟ್ಟವರ ಮಾತು ಬಂದಾಗ ಎರಡು ಹೆಸರು ಬರದೆ ಇರುವುದಿಲ್ಲ. ಒಂದು ವಿ.ಜಿ. ಸಿದ್ಧಾರ್ಥ. ಕಾಫಿ ಬೆಳೆಗಾರರ ಮನೆಯ ಹುಡುಗ, ಮಂಗಳೂರಿನಲ್ಲಿ ಓದಿ, ಎಂಬತ್ತರ ದಶಕದ ಮೊದಲರ್ಧದಲ್ಲಿ ಮುಂಬೈಗೆ ಹೋಗಿ ಷೇರು ವ್ಯವಹಾರದ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದವರು. ಅಲ್ಲಿ ಕಲಿತದ್ದನ್ನು ಬೆಂಗಳೂರಿಗೆ ತಂದು, ಷೇರಿನ ಲಾಭದಲ್ಲಿ ಕಾಫಿ ತೋಟಗಳನ್ನು ಕೊಂಡರು. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. 2019ರ ಜುಲೈನಲ್ಲಿ ಅವರ ಬದುಕು ಮುಗಿದ ರೀತಿಗೆ ಇಡೀ ಜಿಲ್ಲೆ ಬೆಚ್ಚಿತು. ಮೂಡಿಗೆರೆ ತಾಲ್ಲೂಕಿನ ಚೇತನಹಳ್ಳಿ ಎಸ್ಟೇಟಿನಲ್ಲಿ ಅಂತ್ಯಕ್ರಿಯೆ ನಡೆದ ದಿನ ಸೇರಿದ್ದ ಜನರಲ್ಲಿ ಅವರ ಕಂಪನಿಯಿಂದ ಮೊದಲ ಸಂಬಳ ಪಡೆದ ಹುಡುಗರ ಮನೆಯವರು ಎಷ್ಟೋ. ಪೇಟೆಯ ದುಡ್ಡಿನಲ್ಲಿ ತೋಟ ಕೊಳ್ಳುವುದು, ತೋಟದ ಹೆಸರಿನಲ್ಲಿ ಪೇಟೆಯಲ್ಲಿ ನಿಲ್ಲುವುದು: ಇಲ್ಲಿನ ಪ್ರತಿ ಮನೆ ಸಣ್ಣದಾಗಿ ಮಾಡುವುದನ್ನೇ ಅವರು ಬಹಳ ದೊಡ್ಡದಾಗಿ ಮಾಡಿದರು.

ಇನ್ನೊಂದು ಹೆಸರು ಸಾಹಿತಿ ಪೂರ್ಣಚಂದ್ರ ತೇಜಸ್ವಿ. ಅವರದು ಉಲ್ಟಾ ದಾರಿ. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಅಧ್ಯಾಪಕನ ಕೆಲಸಕ್ಕೆ ಕೈ ಚಾಚದೆ, ಅರವತ್ತರ ದಶಕದಲ್ಲಿ ಮೂಡಿಗೆರೆಗೆ ಬಂದು ತೋಟ ಮಾಡಿದರು. ಮೊದಲು 'ಚಿತ್ರಕೂಟ', ಆಮೇಲೆ 'ನಿರುತ್ತರ'. 2007ರ ಏಪ್ರಿಲ್ 5ರಂದು ತೀರಿಕೊಂಡದ್ದೂ ಅಲ್ಲೇ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಪ್ರತಿಯೊಬ್ಬ ಮಲೆನಾಡ ಹುಡುಗನ ಎದೆಯಲ್ಲಿ ಒಬ್ಬ ತೇಜಸ್ವಿ ಇದ್ದಾರೆ. ಅವರ ಪುಸ್ತಕ ಓದಿದ ವಾರ ರಾಜೀನಾಮೆ ಪತ್ರದ ಕರಡು ತಯಾರಾಗುತ್ತದೆ. ನನ್ನ ತಕರಾರು ಇಷ್ಟೇ: ತೇಜಸ್ವಿ ಬಂದದ್ದು ಏನೋ ಬಿಟ್ಟು ಓಡಿ ಅಲ್ಲ, ಬಂದ ಮೇಲೆ ಕೃಷಿಯ ಜಂಜಾಟವನ್ನು ಪೂರ್ತಿ ಮೈಮೇಲೆ ಹಾಕಿಕೊಂಡರು. ಗೊಬ್ಬರದ ಬೆಲೆ, ಆಳಿನ ಸಮಸ್ಯೆ, ಕಾಂಡಕೊರಕದ ಕಾಟ ಇವೆಲ್ಲ ಗೊತ್ತಿಲ್ಲದೆ ಕ್ಯಾಮೆರಾ ಮತ್ತು ಗಾಳ ಮಾತ್ರ ನೆನಪಿಟ್ಟುಕೊಂಡು ವಾಪಸ್ ಬಂದವರು ಎರಡು ಮಳೆಗಾಲ ಕಳೆದು ಮತ್ತೆ ರೆಸ್ಯೂಮೆ ತಿದ್ದುತ್ತಾರೆ.

ಕೆಲಸವನ್ನೇ ಇಲ್ಲಿಗೆ ತರಬಹುದಲ್ಲ ಎಂದು ಕೇಳುವವರಿಗೆ ಕುದುರೆಮುಖ ತೋರಿಸಬೇಕು. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಹುಟ್ಟಿದಾಗ ಕಳಸದ ಪಕ್ಕದ ಕಾಡಿನಲ್ಲಿ ಒಂದು ಟೌನ್‌ಶಿಪ್ ಎದ್ದಿತು. ದೇಶದ ನಾನಾ ಮೂಲೆಗಳಿಂದ ಆಗಷ್ಟೇ ಕಾಲೇಜು ಮುಗಿಸಿದ ಎಂಜಿನಿಯರುಗಳು ಈ ಮಳೆಯ ಊರಿಗೆ ಕೆಲಸಕ್ಕೆ ಬಂದರು. ಶಾಲೆ, ಆಸ್ಪತ್ರೆ, ಬ್ಯಾಂಕು, ಸಾಲು ಸಾಲು ಕ್ವಾರ್ಟರ್ಸು. ಅದಿರು ಕೊಳವೆಯಲ್ಲಿ ಹರಿದು ಘಟ್ಟ ಇಳಿದು ಪಣಂಬೂರು ಸೇರುತ್ತಿತ್ತು. ಕಳಸ, ಸಂಸೆಯ ಹುಡುಗರಿಗೆ ಮನೆಯಿಂದ ಹೋಗಿ ಬರುವ ದೂರದಲ್ಲಿ ಐಟಿಐ, ಡಿಪ್ಲೊಮಾಗೆ ಬೆಲೆ ಇದ್ದ ಜಾಗ ಅದೊಂದೇ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ನಿಂತದ್ದು ಸರಿಯೇ. ಭದ್ರೆಯ ನೀರು ಮತ್ತು ಶೋಲಾ ಕಾಡಿನ ಮುಂದೆ ಅದಿರಿನ ಲೆಕ್ಕ ದೊಡ್ಡದಲ್ಲ. ಆದರೆ ಬದಲಿಗೆ ಇನ್ನೊಂದು ಕೆಲಸ ಇಲ್ಲಿಗೆ ಬರಲಿಲ್ಲ. ಟೌನ್‌ಶಿಪ್ ಖಾಲಿಯಾದ ಮೇಲೆ ಕಳಸದ ಹುಡುಗನಿಗೆ ಹತ್ತಿರದ ಕೆಲಸ ಎಂದರೆ ಒಂದೋ ಮಂಗಳೂರು, ಇಲ್ಲವೇ ಬೆಂಗಳೂರು.

ಹೊಸಬರು ಬೆಂಗಳೂರಿನಲ್ಲಿ ಇಳಿಯುವುದು ನಸುಕಿನಲ್ಲಿ. ಬೇಲೂರು, ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ದಾಟಿ ನೆಲಮಂಗಲದ ಕಡೆಯಿಂದ ಬಸ್ಸು ಊರು ಹೊಗುತ್ತದೆ. ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ ಎಂದು ಕಂಡಕ್ಟರ್ ಕೂಗುತ್ತಾ ಹೋದಂತೆ ಬಸ್ಸು ಹಗುರಾಗುತ್ತದೆ. ಪೀಣ್ಯ, ಲಗ್ಗೆರೆ, ವಿಜಯನಗರ, ನಾಗರಬಾವಿ ಸುತ್ತ ನಮ್ಮ ಕಡೆಯವರು ಇಷ್ಟೊಂದು ನೆಲೆಯೂರಲು ಈ ಬಸ್ಸಿನ ದಾರಿಯೇ ಕಾರಣ ಎಂದು ನನ್ನ ಗುಮಾನಿ. ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದರೂ ಮನೆ ತುಮಕೂರು ರಸ್ತೆಯ ಕಡೆ ಹಿಡಿದು ದಿನಾ ಊರಿಡೀ ಅಡ್ಡ ಹಾಯುವವರನ್ನು ಬಲ್ಲೆ. 'ಅಪ್ಪಂಗೆ ಏನಾದ್ರೂ ಆದ್ರೆ ಬೇಗ ಹೊರಡಬಹುದು' ಎಂಬುದು ಅವರು ಕೊಡುವ ಕಾರಣ.

ಮೊದಲ ಆರು ತಿಂಗಳ ಕಷ್ಟ ಎಲ್ಲರದ್ದೂ ಒಂದೇ. ಪಿಜಿಯಲ್ಲಿ ಮೂವರಿಗೆ ಒಂದು ಕೋಣೆ, ತಿಂಗಳ ಕೊನೆಗೆ ಅದೇ ಬಣ್ಣದ ಸಾರು. ಬಾಡಿಗೆ ಮನೆ ಹುಡುಕಿದರೆ ಬ್ಯಾಚುಲರ್‌ಗಳಿಗೆ ಇಲ್ಲ, ಇದ್ದರೂ ಅಡ್ವಾನ್ಸಿಗೆ ಮತ್ತೆ ಕಾಫಿ ವ್ಯಾಪಾರಿಯ ಮನೆ ಬಾಗಿಲು. ದೊಡ್ಡ ಐಟಿ ಕಂಪನಿಗಳಲ್ಲಿ ಫ್ರೆಶರ್ ಸಂಬಳ ಹತ್ತಾರು ವರ್ಷಗಳಿಂದ ವರ್ಷಕ್ಕೆ 3.5 ಲಕ್ಷ ರೂಪಾಯಿ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಬಾಡಿಗೆ ಮಾತ್ರ ಹಾಗೆ ನಿಂತಿಲ್ಲ. ಒಳ್ಳೆಯದೂ ಕೆಲವು ಇವೆ ಅನ್ನಿ. ಜುಲೈ ತಿಂಗಳಲ್ಲಿ ಒಗೆದ ಬಟ್ಟೆ ಅವತ್ತೇ ಒಣಗುತ್ತದೆ ಎಂಬುದು ಕಳಸದ ಹುಡುಗಿಯೊಬ್ಬಳಿಗೆ ಬೆಂಗಳೂರಿನ ಮೊದಲ ಆಶ್ಚರ್ಯವಾಗಿತ್ತಂತೆ. ಊರಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ, ಹೊಗೆ ವಾಸನೆಯ ಯೂನಿಫಾರ್ಮ್ ಹಾಕಿಕೊಂಡೇ ಅವಳು ಪಿಯುಸಿ ಮುಗಿಸಿದ್ದು. ಇನ್ನೊಂದು ವಿಚಿತ್ರ, ಕಾಫಿಯದ್ದು. ಮನೆಯ ಹಿತ್ತಲಲ್ಲೇ ಬೆಳೆದು ಕುಡಿದವನು ಆಫೀಸಿನ ಕೆಳಗಿನ ಅಂಗಡಿಯಲ್ಲಿ ಒಂದು ಕಪ್ಪಿಗೆ ಕೊಡುವ ದುಡ್ಡನ್ನು ಅಪ್ಪನಿಗೆ ಬಾಯಿಬಿಟ್ಟು ಹೇಳುವುದಿಲ್ಲ.

ಎಲ್ಲರೂ ಎಂಜಿನಿಯರುಗಳಲ್ಲ ಎಂಬುದನ್ನು ನಾವು ಬರೆಯುವವರು ಮರೆಯುತ್ತೇವೆ. ಮೂಡಿಗೆರೆ, ಕಳಸ, ಕೊಪ್ಪದ ಸರ್ಕಾರಿ ಕಾಲೇಜುಗಳಿಂದ ಬಿ.ಎ., ಬಿ.ಕಾಂ. ಮುಗಿಸಿ ಹೊರಬರುವವರ ಸಂಖ್ಯೆಯೇ ದೊಡ್ಡದು. ಅವರು ಕಾಲೇಜು ಮುಟ್ಟುತ್ತಿದ್ದುದೇ ಒಂದು ಸಾಹಸ. ಕೊಪ್ಪದ ಸಹಕಾರ ಸಾರಿಗೆ, ಕಾರ್ಮಿಕರೇ ಮಾಲೀಕರಾಗಿ 1991ರಲ್ಲಿ ಕಟ್ಟಿದ ಸಂಸ್ಥೆ, ಹಳ್ಳಿಹಳ್ಳಿಗೆ ಬಸ್ಸು ಓಡಿಸಿ ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಡುತ್ತಿತ್ತು. ಸಾಲದ ಹೊರೆ ತಾಳದೆ 2020ರಲ್ಲಿ ಅದೂ ನಿಂತಿತು. ಈ ಪದವೀಧರರಿಗೆ ಕ್ಯಾಂಪಸ್ ಸಂದರ್ಶನ ಇಲ್ಲ. ಮೊದಲೇ ಹೋದ ಅಣ್ಣನೋ ಅಕ್ಕನೋ ಹಿಡಿಸಿಕೊಟ್ಟ ಕೆಲಸ: ಬಟ್ಟೆ ಶೋರೂಮು, ಕಾಲ್‌ಸೆಂಟರು, ಪೀಣ್ಯದ ಕಾರ್ಖಾನೆ, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿಗೆ ರಾಜ್ಯ ಸರ್ಕಾರ ಚಾಲನೆ ಕೊಟ್ಟದ್ದು ಪಕ್ಕದ ಶಿವಮೊಗ್ಗದಲ್ಲೇ, 2024ರ ಜನವರಿಯಲ್ಲಿ. ಬೆಂಗಳೂರಿನ ಪಿಜಿಯಲ್ಲಿ ಅದು ಅರ್ಧ ತಿಂಗಳಿಗೂ ಸಾಲದು. ಅದಕ್ಕಿಂತ 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣವೇ ಹುಡುಗಿಯರಿಗೆ ಹೆಚ್ಚು ಒದಗಿತು. ರಾಜಹಂಸಕ್ಕೆ ಅನ್ವಯಿಸದಿದ್ದರೇನು, ಕೆಂಪು ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಬಂದರಾಯಿತು. ಎರಡು ತಿಂಗಳಿಗೊಮ್ಮೆ ಊರಿಗೆ ಬರುತ್ತಿದ್ದವರು ಹದಿನೈದು ದಿನಕ್ಕೊಮ್ಮೆ ಬರತೊಡಗಿದರು.

ಹೋದವರ ಸಂಬಳ ತಿರುಗಿ ತೋಟಕ್ಕೆ ಬರುವುದು ಕೆಟ್ಟ ವರ್ಷಗಳಲ್ಲಿ. 2019ರ ಆಗಸ್ಟಿನ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ, ಗದ್ದೆ, ತೋಟ ಕೊಚ್ಚಿಹೋದವು. ಪರಿಹಾರದ ಕಡತ ಕಚೇರಿಯಿಂದ ಕಚೇರಿಗೆ ಅಲೆಯುವಾಗ ಮನೆ ನಡೆದದ್ದು ಬೆಂಗಳೂರಿನಿಂದ ಬಂದ ಗೂಗಲ್ ಪೇ ದುಡ್ಡಿನಲ್ಲಿ. ಮರುವರ್ಷ ಕೊರೊನಾ ಬಂದು ದುಡ್ಡಿನ ಜೊತೆ ಮಕ್ಕಳೂ ಬಂದರು. ಮಲೆನಾಡಿನ ಎಷ್ಟೋ ಊರುಗಳಲ್ಲಿ ಎತ್ತರದ ಒಂದು ಬೋರೆಗೆ 'ನೆಟ್‌ವರ್ಕ್ ಗುಡ್ಡ' ಎಂದು ಹೆಸರು ಬಿತ್ತು. ಟಾರ್ಪಾಲಿನಡಿ, ಕೊಡೆಯಡಿ ಕೂತು ಅಮೆರಿಕದವರ ಜೊತೆ ಮೀಟಿಂಗ್ ಮುಗಿಸಿ, ಕಾಲಿಗೆ ಹತ್ತಿದ ಜಿಗಣೆ ಕಿತ್ತು ಮನೆಗೆ ಬರುತ್ತಿದ್ದರು. ಆ ಎರಡು ವರ್ಷ ಅಪ್ಪ ಮಗ ಹೆಚ್ಚು ಮಾತಾಡಿದ್ದು ಕಾಳುಮೆಣಸಿನ ಬಗ್ಗೆಯೇ. ಕಂಪನಿಗಳು ವಾಪಸ್ ಕರೆದಾಗ ಬಹುಪಾಲು ಹೋದರು. ಉಳಿದ ಕೆಲವರು ಹೋಮ್‌ಸ್ಟೇ ತೆರೆದರು, ಒಂದಿಬ್ಬರು ಕಾಫಿಯನ್ನು ತಾವೇ ಹುರಿದು ಆನ್‌ಲೈನಿನಲ್ಲಿ ಮಾರುವ ದಾರಿ ಹಿಡಿದರು.

2024ರಲ್ಲಿ ರೊಬಸ್ಟಾಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ಕೆಲಸ ಬಿಟ್ಟು ಬರುವ ಮಾತು ಮತ್ತೆ ಕೇಳಿಬಂತು. ಬಣಕಲ್ ಕಡೆಯ ಹಿರಿಯ ಬೆಳೆಗಾರರೊಬ್ಬರು ಮಗನಿಗೆ ಹೇಳಿದ್ದನ್ನು ನನ್ನೆದುರೇ ಮತ್ತೊಮ್ಮೆ ಹೇಳಿದರು: 'ಬೆಲೆ ನೋಡಿ ಬರೋನು ಬೆಲೆ ಬಿದ್ದಾಗ ಹೋಗ್ತಾನೆ. ನೀನು ಅಲ್ಲೇ ಇರು, ಕುಯ್ಲಿಗೆ ರಜೆ ಹಾಕು ಸಾಕು.' ಅವರ ಮಗ ಈಗ ಡಿಸೆಂಬರ್, ಜನವರಿಗೆಂದೇ ವರ್ಷದ ರಜೆಯನ್ನೆಲ್ಲ ಕೂಡಿಡುತ್ತಾನೆ. ಬೆಳಿಗ್ಗೆ ಕಣದಲ್ಲಿ ಚೆರಿ ಕೆದರಿ, ಮಧ್ಯಾಹ್ನ ಲ್ಯಾಪ್‌ಟಾಪ್ ತೆರೆಯುತ್ತಾನೆ. ಅವನ ಮದುವೆ ಮಾತುಕತೆಯಲ್ಲಿ ಹುಡುಗಿ ಕಡೆಯವರು ಕೇಳಿದ್ದೂ ಈ ಎರಡನ್ನೇ. ತೋಟ ಇರಬೇಕು, ಹುಡುಗ ಬೆಂಗಳೂರಲ್ಲಿರಬೇಕು. ಅದೇ ತೋಟದಲ್ಲಿ ಉಳಿದ, ಅವನಿಗಿಂತ ಹೆಚ್ಚು ದುಡಿಯುವ ಚಿಕ್ಕಪ್ಪನ ಮಗನಿಗೆ ಮೂವತ್ತೈದಾದರೂ ಹೆಣ್ಣು ಸಿಕ್ಕಿಲ್ಲ. ಊರು ಬಿಡಲು ಸಂಬಳಕ್ಕಿಂತ ಇದು ದೊಡ್ಡ ಕಾರಣವಾಗುತ್ತಿದೆ ಎಂದರೆ ತಪ್ಪಾಗಲಾರದು.

ಕುಯ್ಯುವವರು ಯಾರು? ಮೂಡಿಗೆರೆಯ ಸಂತೆಯಲ್ಲಿ ಈಗ ಅಸ್ಸಾಮಿ, ಬಂಗಾಳಿ, ಹಿಂದಿ ಕೇಳುತ್ತದೆ. ಮನೆಯ ಮಗ ಇನ್ನೂರೈವತ್ತು ಕಿಲೋಮೀಟರ್ ದೂರ ಹೋದದ್ದಕ್ಕೆ ಅಳುವ ಊರಿಗೆ ದಿನಗಟ್ಟಲೆ ರೈಲಿನಲ್ಲಿ ಕೂತು ಬಂದ ಹುಡುಗರು ಇವರು. ಇದೂ ಹೊಸದಲ್ಲ. ಒಂದು ಕಾಲಕ್ಕೆ ಘಟ್ಟದ ಕೆಳಗಿನಿಂದ ತುಳುವರು, ತಮಿಳು ಸೀಮೆಯಿಂದ ಕುಟುಂಬಗಳು ಹೀಗೆಯೇ ಘಟ್ಟ ಹತ್ತಿ ಬಂದು ಲೈನ್ ಮನೆಗಳಲ್ಲಿ ನೆಲೆಸಿದರು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಅವರಿಗೆ ಮನೆ ಕೊಡುವ ಹೊಣೆಯನ್ನು ಎಸ್ಟೇಟಿನ ಮೇಲೆ ಹೊರಿಸಿತು. ಮನೆ ಸಿಕ್ಕಿತು, ಕೆಲಸ ಇರುವವರೆಗೆ.

ಹಾಗಾಗಿ ಒಂದೇ ಬಸ್ಸಿನಲ್ಲಿ ಕೂತರೂ ಸಾಹುಕಾರರ ಮಗ ಮತ್ತು ಲೈನ್ ಮನೆಯ ಹುಡುಗಿ ಹೋಗುವುದು ಒಂದೇ ಊರಿಗಲ್ಲ. ಅವನಿಗೆ ಬೆಂಗಳೂರು ಇನ್ನೊಂದು ಖಾತೆ. ಅವಳಿಗೆ ಇರುವುದು ಅದೊಂದೇ. ಕುಯ್ಲಿಗೆ ರಜೆ, ಪಾಲಿಗೆ ಬರುವ ಎಕರೆ, ಬೇಸರವಾದರೆ ತೇಜಸ್ವಿಯ ಹಾಗೆ ಬದುಕುವ ಕನಸು ಇವೆಲ್ಲ ಪಹಣಿಯಲ್ಲಿ ಹೆಸರಿದ್ದವರ ಸವಲತ್ತು. ಮೂಡಿಗೆರೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿರುವ ಒಬ್ಬಳನ್ನು ಬಲ್ಲೆ. ಅವಳ ಅಮ್ಮನಿಗೆ ಎಸ್ಟೇಟಿನ ಕೆಲಸ ಮುಗಿದ ವರ್ಷ ಲೈನ್ ಮನೆ ಬಿಟ್ಟುಕೊಡಬೇಕಾಯಿತು. ಗ್ರಾಚ್ಯುಟಿಯಲ್ಲಿ ಬಂದ ಹಣ ಲಗ್ಗೆರೆಯ ಒಂದು ಕೋಣೆಯ ಮನೆಗೆ ಅಡ್ವಾನ್ಸ್ ಆಯಿತು. ಈಗ ಆಧಾರ್ ಕಾರ್ಡಿನಲ್ಲಿ ಇಬ್ಬರ ವಿಳಾಸವೂ ಬೆಂಗಳೂರು.

ಕಳೆದ ಡಿಸೆಂಬರಿನಲ್ಲಿ ಅದೇ ಎಸ್ಟೇಟಿನ ರೈಟರು ಅಮ್ಮನಿಗೆ ಫೋನು ಮಾಡಿದರಂತೆ. ಹಣ್ಣು ಉದುರುತ್ತಿದೆ, ಆಳು ಸಾಲುತ್ತಿಲ್ಲ, ಒಂದು ತಿಂಗಳ ಮಟ್ಟಿಗೆ ಬರುತ್ತೀಯಾ ಎಂದು. ಆಕೆ ಬಟ್ಟೆ ಗಂಟು ಕಟ್ಟಿಕೊಂಡು ಮೆಜೆಸ್ಟಿಕ್ಕಿನಲ್ಲಿ ಹಗಲಿನ ಕೆಂಪು ಬಸ್ಸು ಹತ್ತಿದರು. ಅಸ್ಸಾಮಿನವರ ಜೊತೆ ಅದೇ ಹಳೇ ಲೈನಿನಲ್ಲಿ ಉಳಿದುಕೊಂಡರು. ಹೇಗಿತ್ತು ಎಂದು ಕೇಳಿದ್ದಕ್ಕೆ, 'ಈಗ ಕೆ.ಜಿ. ಲೆಕ್ಕ ಅಣ್ಣಾ, ಮುಂಚಿನ ದಿನಗೂಲಿಗಿಂತ ವಾಸಿ. ಮುಂದಿನ ಸಲ ಕರೆದ್ರೆ ಮಗಳನ್ನೂ ಎರಡು ದಿನ ಕರ್ಕೊಂಡು ಹೋಗ್ತೀನಿ, ಅವಳಿಗೆ ಕುಯ್ಯೋಕೆ ಮರ್ತೇ ಹೋಗಿದೆ' ಎಂದರು. ಮಗಳು ಪಕ್ಕದಲ್ಲೇ ಕೂತು ಫೋನಿನಲ್ಲಿ ಮುಂದಿನ ತಿಂಗಳ ಶಿಫ್ಟು ನೋಡುತ್ತಿದ್ದಳು. 'ಜನವರೀಲಿ ನಂಗೆ ರಜೆ ಕೊಡಲ್ಲಮ್ಮ' ಎಂದಳು.